ಪ್ರೌಢಶಾಲೆಯೊಳಗೆ ಹಾಡಿನ ಪುನಃಪ್ರವೇಶ

ನಮ್ಮ ಪ್ರಾಥಮಿಕ ಶಾಲೆಗಳ ಕೆಳಗಿನ ತರಗತಿಗಳಲ್ಲಿ ಹಾಡಿಗೆ ಸಲ್ಲುತ್ತಿರುವ ಮಾನ್ಯತೆಯನ್ನು ಯಾರೂ ಪ್ರಶ್ನಿಸುವುದಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ಸಂಸ್ಥೆಯ ನೆರವಿನಿಂದ ಮೊದಲಾಗಿ, ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ವ್ಯಾಪಿಸಿದ ನಲಿ-ಕಲಿ ಪದ್ಧತಿಯಲ್ಲಿ ಮಗುವು ಅಕ್ಷರವನ್ನೂ ಅಂಕಿಯನ್ನೂ ಹಾಡಿಕೊಂಡು, ಕುಣಿದುಕೊಂಡು, ಕೈತಟ್ಟಿಕೊಂಡೇ ಕಲಿಯುತ್ತದೆ. ಅದನ್ನು ಕಂಡ ತಂದೆತಾಯಂದಿರು ಸಂತೋಷಪಡುವರೇ ಹೊರತು ಪಾಠ ನಡೆಯುತ್ತಿಲ್ಲವೆಂದು ದೂರುವುದಿಲ್ಲ. ಆದರೆ ಅದೇ ಮಗು ಬೆಳೆದು ಪ್ರೌಢಶಾಲೆಯ ಹೊಸ್ತಿಲನ್ನು ದಾಟುವಷ್ಟರಲ್ಲಿ ಹಾಡು ಶಾಲೆಯಿಂದ ಹೊರಬಿದ್ದಿರುತ್ತದೆ. ಪದ್ಯಭಾಗವೆಂಬುದು ಉಳಿದಿರುತ್ತದೆ, ನಿಜ. ಆದರೆ ಅದು ಶಬ್ದಾರ್ಥ, ಸಾರಾಂಶ, ಸಂದರ್ಭಸಹಿತ ವಿವರಣೆ, ಕಂಠಪಾಠ ಎಂಬ ವಿಧಿಗಳಿಗೆ ಒಳಪಟ್ಟು, ಕಣ್ಣಿಗೆ ಮಾತ್ರ ಗೋಚರವಾಗಿ ಕಿವಿಗೆ ಬೀಳದ ವಸ್ತುವಾಗಿ ಪರಿಣಮಿಸಿರುತ್ತದೆ. ಬೆಳಗಿನ ಪ್ರಾರ್ಥನೆಯ ನಾಡಗೀತೆಯನ್ನೂ ಸ್ವಾತಂತ್ರ್ಯೋತ್ಸವದ ಸಮೂಹಗಾನವನ್ನೂ ಬಿಟ್ಟರೆ ಆ ಮಕ್ಕಳು ಶಾಲೆಯಲ್ಲಿ ಬಾಯಿತೆರೆದು ಹಾಡುವ ಸಂದರ್ಭವೇ ಬಾರದು.

ವಿಚಿತ್ರವೆಂದರೆ, ಶಾಲೆಯು ಹಾಡನ್ನು ಕೈಬಿಡುವ ವಯಸ್ಸೂ ಹಾಡು ಮನುಷ್ಯನನ್ನು ಅತ್ಯಂತ ಗಾಢವಾಗಿ ಹಿಡಿಯುವ ವಯಸ್ಸೂ ಒಂದೇ. ಕೊಪ್ಪಳದಿಂದ ಹೊಸಪೇಟೆಯ ಕಡೆಗೆ ಸಾಗುವ ಹೆದ್ದಾರಿಯ ಬದಿಯಲ್ಲಿರುವ ಹಿಟ್ನಾಳದಂಥ ಊರಿನಲ್ಲಿ ಇದು ಪ್ರತಿನಿತ್ಯವೂ ಕಣ್ಣಿಗೆ ಬೀಳುವ ಸಂಗತಿ. ಭತ್ತದ ಚೀಲಗಳನ್ನು ಹೇರಿಕೊಂಡು ಹೋಗುವ ಟ್ರ್ಯಾಕ್ಟರುಗಳ ಮೇಲೆ ಉತ್ತರ ಕರ್ನಾಟಕದ ಹೊಸ ಜಾನಪದ ಹಾಡುಗಳು, ಚಹಾದಂಗಡಿಯಲ್ಲಿ ಚಿತ್ರಗೀತೆಗಳು, ಹುಲಿಗಿಯ ಹುಲಿಗೆಮ್ಮನ ಜಾತ್ರೆಗೆ ಹೋಗುವ ವಾಹನಗಳಲ್ಲಿ ಭಕ್ತಿಗೀತೆಗಳು, ಹುಡುಗರ ಕೈಯ ಮೊಬೈಲಿನಲ್ಲಿ ಇವೆಲ್ಲವೂ. ಎಂಟು ಸಾಲಿನ ಪದ್ಯವನ್ನು ಕಂಠಪಾಠಮಾಡಲು ತನ್ನಿಂದಾಗದೆಂದು ಗುರುಗಳ ಮುಂದೆ ತಲೆತಗ್ಗಿಸಿ ನಿಲ್ಲುವ ಒಂಬತ್ತನೆಯ ತರಗತಿಯ ಹುಡುಗನು, ಶಾಲೆ ಬಿಟ್ಟ ಕ್ಷಣದಲ್ಲಿಯೇ ಪಲ್ಲವಿ, ಚರಣಗಳೊಂದಿಗೆ ಐದಾರು ಹಾಡುಗಳನ್ನು ಒಂದಕ್ಷರವೂ ತಪ್ಪದಂತೆ ಹಾಡಬಲ್ಲನು. ಆತನ ಸ್ಮರಣಶಕ್ತಿಯಲ್ಲಿ ದೋಷವಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯವು ಬೇಕಿಲ್ಲ. ಆ ಶಕ್ತಿಯನ್ನು ಭಾಷಾಬೋಧನೆಯು ಬಳಸಿಕೊಳ್ಳಬೇಕು, ಅದೂ ಮನರಂಜನೆಯ ಹೆಸರಿನಲ್ಲಿ ಅಲ್ಲದೆ ಕಠಿಣವಾದ ಭಾಷಾಭ್ಯಾಸದ ಹೆಸರಿನಲ್ಲಿಯೇ ಬಳಸಿಕೊಳ್ಳಬೇಕು ಎಂಬುದು ಈ ಲೇಖನದ ಆಶಯ.

ಈ ಸೀಮೆಯ ಮಟ್ಟಿಗಂತೂ ಇದು ಹೊರಗಿನಿಂದ ತಂದು ನಾಟಬೇಕಾದ ವಿಚಾರವಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳೆಂದು ಗುರುತಿಸಿದ ಪ್ರದೇಶದ ನಾಲ್ಕು ಸ್ಥಳಗಳಲ್ಲಿ ಕೊಪಣನಗರವೂ, ಎಂದರೆ ನಮ್ಮ ಕೊಪ್ಪಳವೂ ಒಂದು; ಓದುಬರಹವನ್ನು ಕಲಿಯದೆಯೂ ಕಾವ್ಯಪ್ರಯೋಗದಲ್ಲಿ ಪರಿಣತರಾದವರು ಈ ನಾಡಿನ ಜನರೆಂದು ಅದೇ ಗ್ರಂಥವು ಪ್ರಶಂಸಿಸುತ್ತದೆ. ಅಕ್ಷರವಿಲ್ಲದವರಿಗೆ ಆ ಪರಿಣತಿಯನ್ನು ಕೊಟ್ಟ ಗುರುವು ಹಾಡಲ್ಲದೆ ಮತ್ತಾವುದು? ಸುಮಾರು ಕ್ರಿ.ಶ. 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಕಾಣಿಸಿಕೊಂಡ ತ್ರಿಪದಿಯ ಛಂದಸ್ಸೇ ಕುಷ್ಟಗಿ, ಯಲಬುರ್ಗಿಗಳ ಹೆಣ್ಣುಮಕ್ಕಳು ಬೀಸುವ ಕಲ್ಲಿನ ಮುಂದೆ ಕುಳಿತು ಹಾಡಿದ ಪದಗಳಲ್ಲಿಯೂ ಉಸಿರಾಡಿತೆಂಬುದನ್ನು ನೆನೆದರೆ, ಸಾವಿರ ವರ್ಷಗಳಿಗೂ ಮೀರಿದ ಒಂದು ಭಾಷಾಶಾಲೆಯು ನಮ್ಮ ಮನೆಗಳಲ್ಲಿಯೇ ನಡೆದುಬಂದಿತ್ತೆಂದು ಹೇಳಬೇಕಾಗುತ್ತದೆ.

ಅದರ ಬೆಲೆಯು ಪ್ರಕಟವಾದದ್ದು ನಿಜಾಮರ ಆಳ್ವಿಕೆಯ ಕಾಲದಲ್ಲಿ. ಹೈದರಾಬಾದು ಸಂಸ್ಥಾನದಲ್ಲಿ ಆಡಳಿತಕ್ಕೂ ಮೇಲ್ಮಟ್ಟದ ಶಿಕ್ಷಣಕ್ಕೂ ಉರ್ದುವೇ ಮಾಧ್ಯಮವಾಗಿದ್ದಿತು; 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಉರ್ದುವಿನಲ್ಲಿಯೇ ಬೋಧಿಸುತ್ತಿದ್ದಿತು; ಕೊಪ್ಪಳ, ಯಲಬುರ್ಗಿಗಳು ಸಾಲಾರ್ ಜಂಗರ ಜಹಗೀರಿಗೆ ಸೇರಿದ್ದವು. ಕುಕನೂರಿನ ವಿದ್ಯಾನಂದ ಗುರುಕುಲದಂಥ ಬೆರಳೆಣಿಕೆಯ ಸಂಸ್ಥೆಗಳನ್ನು ಬಿಟ್ಟರೆ ಕನ್ನಡಕ್ಕೆ ಶಾಲೆಯ ಆಶ್ರಯವು ದುರ್ಲಭವಾಗಿದ್ದ ಆ ದಶಕಗಳಲ್ಲಿ, ಭಜನೆಯ ಪದ, ದೊಡ್ಡಾಟದ ಮಟ್ಟು, ತತ್ತ್ವಪದ, ಸೋಬಾನೆ, ಮೊಹರಮ್ಮಿನ ರಿವಾಯತ ಪದ, ಕಿಳ್ಳೇಕ್ಯಾತರ ತೊಗಲುಗೊಂಬೆಯಾಟದ ಹಾಡು ಇವುಗಳ ಮೂಲಕವೇ ಕನ್ನಡವು ಜನರ ನಾಲಗೆಯ ಮೇಲೆ ಬಾಡದೆ ಉಳಿಯಿತು. ಯಲಬುರ್ಗಿ ಸೀಮೆಯ ದ್ಯಾಂಪುರದಲ್ಲಿ 1918ರಲ್ಲಿ ಜನಿಸಿ ‘ಕಾವ್ಯಾನಂದ’ರೆಂದು ಪ್ರಸಿದ್ಧರಾದ ಸಿದ್ಧಯ್ಯ ಪುರಾಣಿಕರಂಥವರು ಉರ್ದುವಿನ ವಾತಾವರಣದಲ್ಲಿ ವ್ಯಾಸಂಗಮಾಡಿಯೂ ಕನ್ನಡದ ಕವಿಗಳಾಗಿ ಅರಳಿದುದಕ್ಕೆ ಆ ಶ್ರವಣಸಂಸ್ಕಾರವೂ ಕಾರಣವಾಗಿದ್ದಿರಬೇಕೆಂದು ನಾನು ನಂಬಿದ್ದೇನೆ. ಕೊಪ್ಪಳ ತಾಲ್ಲೂಕಿನ ಮೋರನಾಳದ ತೊಗಲುಗೊಂಬೆಯಾಟದ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಸಂದಾಗ ನಾಡು ಗೌರವಿಸಿದ್ದು ಒಬ್ಬ ಕಲಾವಿದೆಯನ್ನು ಮಾತ್ರವಲ್ಲ, ಶಾಲೆಯ ಹೊರಗೆ ಭಾಷೆಯನ್ನು ಕಾಪಾಡಿದ ಒಂದು ಪರಂಪರೆಯನ್ನು ಕೂಡ.

ಇಂದಿನ ತರಗತಿಯ ಸ್ಥಿತಿಯನ್ನೂ ನೋಡಬೇಕು. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಪೂರ್ಣಗೊಂಡು ಕಾಲುವೆಯ ನೀರು ಹರಿದ ಮೇಲೆ ಆಂಧ್ರದ ಕರಾವಳಿಯಿಂದ ಬಂದ ರೈತರು ಗಂಗಾವತಿಯ ಸುತ್ತಮುತ್ತ ಕ್ಯಾಂಪುಗಳನ್ನು ಕಟ್ಟಿಕೊಂಡು ನೆಲಸಿದರು. ಅವರ ಮನೆಮಾತು ತೆಲುಗು. ಕುಷ್ಟಗಿ, ಯಲಬುರ್ಗಿಗಳ ತಾಂಡಾಗಳಲ್ಲಿ ಲಂಬಾಣಿ, ಊರೊಳಗಿನ ಅನೇಕ ಮನೆಗಳಲ್ಲಿ ದಖ್ಖನಿ ಉರ್ದು. ಇನ್ನು ಕನ್ನಡವೇ ಮನೆಮಾತಾದ ಮಕ್ಕಳಿಗೂ ಪಠ್ಯಪುಸ್ತಕದ ಕನ್ನಡವು ಸ್ವಲ್ಪ ದೂರದ್ದೇ; ‘ಮಾಡಾಕತ್ತೀನಿ’ ಎನ್ನುವ ಬಾಯಿಗೆ ‘ಮಾಡುತ್ತಿದ್ದೇನೆ’ ಎಂಬುದು ಪರೀಕ್ಷೆಯ ಕಾಗದದ ಮೇಲಿನ ಮಾತು. ಇಷ್ಟು ಮನೆಮಾತುಗಳ ಮಕ್ಕಳು ಒಂದೇ ಬೆಂಚಿನ ಮೇಲೆ ಕುಳಿತಿರುವಾಗ, ಅವರೆಲ್ಲರಿಗೂ ಮೊದಲೇ ಪರಿಚಿತವಾದ, ಎಲ್ಲರೂ ಪ್ರೀತಿಯಿಂದ ಕೇಳಿರುವ ಕನ್ನಡದ ಒಂದು ಪಾಠವು ಯಾವುದಾದರೂ ಇರುವುದಾದರೆ ಅದು ಹಾಡು. ತಪ್ಪು ಮಾತನಾಡಿ ನಗೆಗೀಡಾಗುವೆನೆಂಬ ಭಯವು ಹದಿಮೂರು, ಹದಿನಾಲ್ಕರ ವಯಸ್ಸಿನಲ್ಲಿ ಅತಿಶಯವಾಗಿರುವುದು ಸಹಜ. ಹತ್ತು ಕಂಠಗಳೊಡನೆ ತನ್ನ ಕಂಠವನ್ನೂ ಕೂಡಿಸಿ ಹಾಡುವಾಗ ಆ ಭಯಕ್ಕೆ ಎಡೆಯಿಲ್ಲ.

ಸ್ವರಕ್ಕೂ ಸ್ಮೃತಿಗೂ ಇರುವ ಈ ನಂಟನ್ನು ಪರದೇಶದ ವಿದ್ವಾಂಸರೂ ಪರಿಶೀಲಿಸಿದ್ದಾರೆ. ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಕ್ಯಾರೆನ್ ಲಡ್ಕಿ ಮತ್ತು ಸಂಗಡಿಗರು ಹಂಗೇರಿಯನ್ ಭಾಷೆಯ ಗಂಧವೇ ಇಲ್ಲದ 60 ಮಂದಿ ವಯಸ್ಕರನ್ನು ಮೂರು ಗುಂಪುಗಳಾಗಿ ವಿಂಗಡಿಸಿ, ಅದೇ ನುಡಿಗಟ್ಟುಗಳನ್ನು ಒಂದು ಗುಂಪಿಗೆ ಮಾತಿನಿಂದಲೂ, ಒಂದಕ್ಕೆ ಲಯಬದ್ಧವಾದ ಮಾತಿನಿಂದಲೂ, ಮತ್ತೊಂದಕ್ಕೆ ಹಾಡಿನಿಂದಲೂ ಕಲಿಸಿ ನೋಡಿದರು; ಆ ಅಪರಿಚಿತ ಭಾಷೆಯ ನುಡಿಯನ್ನು ನೆನಪಿನಿಂದ ಹೊರತಂದು ಉಚ್ಚರಿಸುವುದರಲ್ಲಿ ಹಾಡಿ ಕಲಿತವರೇ ಮುಂದಾದರು. ಟಿಮ್ ಮರ್ಫಿ ಎಂಬ ವಿದ್ವಾಂಸರು ಇಂಗ್ಲಿಷಿನ 50 ಜನಪ್ರಿಯ ಗೀತೆಗಳ ಭಾಷೆಯನ್ನು ವಿಶ್ಲೇಷಿಸಿ, ಅವುಗಳಲ್ಲಿ ಪದಗಳು ಸರಳವಾಗಿರುವುದನ್ನೂ, ಮಾತುಗಳು ಮತ್ತೆಮತ್ತೆ ಆವರ್ತಿಸುವುದನ್ನೂ, ಮಾತಿನ ವೇಗವು ಸಾಮಾನ್ಯ ಸಂಭಾಷಣೆಯ ಸುಮಾರು ಅರ್ಧದಷ್ಟು ಮಾತ್ರ ಇರುವುದನ್ನೂ 1992ರಲ್ಲಿ ತೋರಿಸಿಕೊಟ್ಟರು. ನಿಧಾನ, ಸರಳತೆ, ಆವರ್ತನೆ ಇವು ಮೂರೂ ಒಳ್ಳೆಯ ಭಾಷಾಶಿಕ್ಷಕನು ತನ್ನ ಮಾತಿನಲ್ಲಿ ಬೆಳೆಸಿಕೊಳ್ಳಲು ಶ್ರಮಿಸುವ ಗುಣಗಳೇ ಆಗಿವೆ. ಇದರ ಜೊತೆಗೆ ರಾಗವು ಒಂದು ಸಾಲನ್ನು ಮತ್ತೊಂದಕ್ಕೆ ಬೆಸೆದಿರುವುದರಿಂದ, ಒಂದು ಪದವು ಮರೆತರೆ ಅದರ ಜಾಗ ಎಷ್ಟು ಮಾತ್ರೆಯದು, ಯಾವ ಪ್ರಾಸದ್ದು ಎಂಬುದು ನೆನಪಿನಲ್ಲಿ ಉಳಿದು, ಆ ಖಾಲಿಯ ಆಕಾರವೇ ಮರೆತ ಪದವನ್ನು ಕರೆದು ತರುತ್ತದೆ.

ಆದರೆ ಹಾಡನ್ನು ಕೇಳಿಸಿ, ಮಕ್ಕಳು ತಲೆದೂಗಿ, ಗಂಟೆ ಹೊಡೆದು ಹೊರಟುಹೋದರೆ ಪಾಠವಾಗಲಿಲ್ಲ. ಮೊದಲ ಸಲ ಕೇಳುವಾಗ ಬರೆವಣಿಗೆಯನ್ನು ಕೊಡದೆ ಕಿವಿಯನ್ನಷ್ಟೇ ದುಡಿಸಬೇಕು. ಯಾರು ಯಾರಿಗೆ ಹೇಳುತ್ತಿದ್ದಾರೆ, ಯಾವ ಹೊತ್ತು, ಯಾವ ಭಾವ ಎಂದು ಕೇಳಿದರೆ ಸಾಕು. ಎರಡನೆಯ ಸಲಕ್ಕೆ, ಆಯ್ದ ಕೆಲವು ಪದಗಳನ್ನು ಬಿಟ್ಟು ಕರಿಹಲಗೆಯ ಮೇಲೆ ಹಾಡನ್ನು ಬರೆದಿಟ್ಟು, ಬಿಟ್ಟ ಸ್ಥಳಗಳನ್ನು ಮಕ್ಕಳು ಕೇಳಿ ತುಂಬುವಂತೆ ಮಾಡಬೇಕು. ಇಲ್ಲಿ ಶಿಕ್ಷಕನ ವಿವೇಕವೆಲ್ಲ ಯಾವ ಪದವನ್ನು ಬಿಡಬೇಕೆಂಬುದರಲ್ಲಿದೆ: ಕ್ರಿಯಾಪದಗಳನ್ನೇ ಬಿಟ್ಟರೆ ಕಾಲದ ಪಾಠ, ವಿಭಕ್ತಿಪ್ರತ್ಯಯಗಳನ್ನು ಬಿಟ್ಟರೆ ಕಾರಕದ ಪಾಠ, ಅಲ್ಪಪ್ರಾಣ, ಮಹಾಪ್ರಾಣಗಳಿರುವ ಶಬ್ದಗಳನ್ನು ಬಿಟ್ಟರೆ ಕಾಗುಣಿತದ ಪಾಠ. ಮೂರನೆಯದಾಗಿ, ಸಾಲುಗಳನ್ನು ಚೀಟಿಗಳಲ್ಲಿ ಬರೆದು ಹಂಚಿ, ಅವುಗಳನ್ನು ಅರ್ಥದ ಕ್ರಮದಲ್ಲಿ ಜೋಡಿಸುವ ಕೆಲಸವನ್ನು ಗುಂಪುಗುಂಪಾಗಿ ಕೊಟ್ಟರೆ, ವಾದವಿವಾದದಲ್ಲಿ ಹುಟ್ಟುವ ಮಾತೇ ಸಂಭಾಷಣೆಯ ಅಭ್ಯಾಸವಾಗುತ್ತದೆ. 1993ರ ‘ಆಕಸ್ಮಿಕ’ ಚಿತ್ರಕ್ಕೆ ಹಂಸಲೇಖರು ಬರೆದು ಡಾ. ರಾಜಕುಮಾರರು ಹಾಡಿದ, ಕನ್ನಡನಾಡಿನಲ್ಲಿ ಹುಟ್ಟುವುದರ ಭಾಗ್ಯವನ್ನು ಕುರಿತ ಗೀತೆಯನ್ನು ತೆಗೆದುಕೊಳ್ಳಿ: ಅದರ ಪಲ್ಲವಿಯ ವಾಕ್ಯಗಳು ಪಕ್ಷಾರ್ಥಕ ಕ್ರಿಯಾರೂಪದಿಂದ ತೊಡಗಿ ‘ಬೇಕು’ ಎಂಬುದರಲ್ಲಿ ಮುಗಿಯುತ್ತವೆ. ತೆಲುಗು ಅಥವಾ ಲಂಬಾಣಿ ಮನೆಮಾತಿನ ಬಾಲಕಿಗೆ ಈ ವಾಕ್ಯರಚನೆಯನ್ನು ವ್ಯಾಕರಣಪುಸ್ತಕದಿಂದ ವಿವರಿಸಲು ಒಂದು ವಾರ ಬೇಕಾದೀತು. ಆಕೆಗೆ ಅದು ಆಗಲೇ ಬಾಯಿಗೆ ಬಂದಿದೆ, ತನಗೆ ಬಂದಿದೆಯೆಂಬುದನ್ನು ತೋರಿಸಿಕೊಟ್ಟು, ‘ಓದಿದರೆ’, ‘ಮಳೆ ಬಂದರೆ’, ‘ಬಸ್ಸು ತಪ್ಪಿದರೆ’ ಎಂದು ಅವಳದೇ ವಾಕ್ಯಗಳನ್ನು ಕಟ್ಟಿಸುವುದಷ್ಟೇ ಉಳಿದ ಕೆಲಸ.

ಛಂದಸ್ಸಿನ ಪಾಠದಲ್ಲಿ ಹಾಡಿನ ಉಪಯೋಗವು ಇನ್ನೂ ಹೆಚ್ಚಿನದು. ಗುರುಲಘುಗಳ ಗುರುತು ಹಾಕಿ ಗಣವಿಭಾಗ ಮಾಡುವುದನ್ನು ನಮ್ಮ ಮಕ್ಕಳು ಲೆಕ್ಕದಂತೆ ಕಲಿತು, ಅಂಕಗಳನ್ನು ಪಡೆದು, ಮರೆತುಬಿಡುವರು. ಆ ಗುರುತುಗಳೆಲ್ಲವೂ ತಾವು ದಿನವೂ ಬೆರಳಿನಿಂದ ಬೆಂಚಿನ ಮೇಲೆ ತಟ್ಟುವ ತಾಳದ ಚಿಹ್ನೆಗಳೇ ಎಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ. ಈ ಭಾಗದ ಯಾವ ಊರಿಗೆ ಹೋದರೂ ಭಜನಾಮಂಡಳಿಯಿದೆ, ತಬಲಾ ನುಡಿಸುವ ಒಬ್ಬ ಹುಡುಗನಾದರೂ ಇದ್ದಾನೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಬೆಳೆಸಿದ ಶಿಷ್ಯಪರಂಪರೆಯ ಪ್ರಭಾವವು ಹಳ್ಳಿಹಳ್ಳಿಗೂ ಹರಿದಿದೆ. ಆ ಹುಡುಗನನ್ನು ಮುಂದೆ ಕರೆದು ದಾದರಾ ನುಡಿಸೆಂದರೆ ಮೂರು ಮಾತ್ರೆಯ ಗಣವೂ, ಕೆಹರವಾ ಎಂದರೆ ನಾಲ್ಕು ಮಾತ್ರೆಯ ಗಣವೂ, ಝಪತಾಳವೆಂದರೆ ಐದರದೂ ಕಿವಿಗೆ ಸ್ಪಷ್ಟವಾಗುತ್ತವೆ. ಮೂರು ನಾಲ್ಕುಗಳನ್ನು ಒಂದಾದ ಮೇಲೊಂದರಂತೆ ಏಳರ ನಡೆಯಲ್ಲಿ ತಟ್ಟಿಸಿ, ಅದರ ಮೇಲೆ ಕುಮಾರವ್ಯಾಸನ ಪದ್ಯವನ್ನು ವಾಚಿಸಿದರೆ, ಒಂದು, ಎರಡು, ನಾಲ್ಕು, ಐದನೆಯ ಪಾದಗಳಲ್ಲಿ 14 ಮಾತ್ರೆಗಳೂ ಮೂರು, ಆರನೆಯ ಪಾದಗಳಲ್ಲಿ ಅದರ ಒಂದೂವರೆಪಟ್ಟು ಮತ್ತು ಕೊನೆಗೊಂದು ಗುರುವೂ ಬರುವ ಭಾಮಿನಿ ಷಟ್ಪದಿಯ ವಿನ್ಯಾಸವು ಎಣಿಕೆಯ ಕಷ್ಟವಿಲ್ಲದೆ ಹೃದ್ಗತವಾಗುತ್ತದೆ. ಗಮಕಿಗಳಿಗೆ ಇದು ಹಳೆಯ ಸಂಗತಿ. ಶಾಲೆಗೆ ಮಾತ್ರ ಹೊಸದಾಗಿ ತೋರುತ್ತಿದೆ.

ಯಾವ ಹಾಡುಗಳನ್ನು ಆರಿಸಬೇಕೆಂಬ ಪ್ರಶ್ನೆಗೆ ನಮ್ಮಲ್ಲಿ ಉತ್ತರದ ಬಡತನವಿಲ್ಲ. ಶ್ರೇಷ್ಠ ಕಾವ್ಯವೇ ಜನಪ್ರಿಯ ಗೀತೆಯಾಗುವ ಭಾಗ್ಯವು ಕನ್ನಡಕ್ಕೆ ಧಾರಾಳವಾಗಿ ಒದಗಿದೆ. ಬೇಂದ್ರೆಯವರ ಬೆಳಗಿನ ಕವಿತೆಯು 1967ರ ‘ಬೆಳ್ಳಿಮೋಡ’ದಲ್ಲಿ ಚಿತ್ರಗೀತೆಯಾಯಿತು, ನಿಸಾರ್ ಅಹಮದರ ಕವಿತೆಗಳು 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಯೋಜನೆಯಲ್ಲಿ ‘ನಿತ್ಯೋತ್ಸವ’ ಎಂಬ ಧ್ವನಿಸುರುಳಿಯಾಗಿ ಮನೆಮನೆಯನ್ನು ಸೇರಿದವು, 1942ರಲ್ಲಿ ಪ್ರಕಟವಾದ ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ಯು ಅರ್ಧ ಶತಮಾನದ ಬಳಿಕ ಅದೇ ಹೆಸರಿನ ಚಲನಚಿತ್ರವಾಗಿ, ಶ್ರೇಷ್ಠ ಗೀತರಚನೆಗಾಗಿ ಕವಿಗೆ ರಾಷ್ಟ್ರಪ್ರಶಸ್ತಿಯನ್ನು ತಂದಿತು. ಇವೆಲ್ಲಕ್ಕಿಂತ ಈ ಸೀಮೆಯ ಮಕ್ಕಳಿಗೆ ಹತ್ತಿರದವನು ಶಿಶುನಾಳ ಶರೀಫ. 1819ರಲ್ಲಿ ಹುಟ್ಟಿ 1889ರಲ್ಲಿ ದೇಹಬಿಟ್ಟ, ಸ್ವತಃ ಕೆಲಕಾಲ ಶಾಲಾಶಿಕ್ಷಕನೂ ಆಗಿದ್ದ ಈ ಸಂತನ ಪದಗಳು ಸಿ. ಅಶ್ವಥರ ಕಂಠದಿಂದಲೂ, 1990ರಲ್ಲಿ ನಾಗಾಭರಣರು ನಿರ್ದೇಶಿಸಿದ ಚಲನಚಿತ್ರದಿಂದಲೂ ಪ್ರಸಿದ್ಧವಾದವು. ಅವುಗಳ ಭಾಷೆಯಾದರೋ ಹಿಟ್ನಾಳದ ಮಕ್ಕಳು ಮನೆಯಲ್ಲಾಡುವ ಭಾಷೆಗೆ ಒಡಹುಟ್ಟಿದ್ದು. ತಮ್ಮ ಮಾತನ್ನು ಒರಟೆಂದು ಕೇಳಿ ಬೆಳೆದ ಮಕ್ಕಳು, ಅದೇ ಮಾತಿನಲ್ಲಿ ವೇದಾಂತವನ್ನೇ ಹೇಳಬಹುದೆಂಬುದನ್ನು ಕಂಡಾಗ ಅವರ ಬೆನ್ನು ನೆಟ್ಟಗಾಗುತ್ತದೆ. ಮಗ್ಗ, ಕೋಳಿ, ಮಾಳಿಗೆಮನೆ ಇವು ಶರೀಫನಲ್ಲಿ ಬರಿಯ ಮಗ್ಗ, ಕೋಳಿ, ಮಾಳಿಗೆಗಳಲ್ಲವೆಂಬುದನ್ನು ಅವರೇ ಚರ್ಚಿಸಿ ಕಂಡುಕೊಂಡರೆ ರೂಪಕಕ್ಕೂ ಧ್ವನಿಗೂ ಬೇರೆ ಲಕ್ಷಣವಾಕ್ಯವೇ ಬೇಡ. ಅನಂತರ ಆ ಹಾಡಿನ ತಾತ್ಪರ್ಯವನ್ನು ಗ್ರಂಥಸ್ಥ ಕನ್ನಡದಲ್ಲಿ ಬರೆಯಿಸಿದರೆ, ಆಡುಮಾತನ್ನು ಬಿಡದೆಯೇ ಶಿಷ್ಟರೂಪವನ್ನು ಪಡೆದಂತಾಗುವುದು.

ಇಂಗ್ಲಿಷ್, ಹಿಂದಿಗಳ ಪಾಠಕ್ಕೂ ಈ ವಿಧಾನವು ಒಗ್ಗುತ್ತದೆ. ‘ವಿ ಶಲ್ ಓವರ್‌ಕಮ್’ ಎಂಬ ಗೀತೆಯು ಅಮೆರಿಕದ ಕಪ್ಪು ಜನಾಂಗದ ನಾಗರಿಕ ಹಕ್ಕುಗಳ ಹೋರಾಟದಲ್ಲಿ ಪ್ರಸಿದ್ಧಿಗೆ ಬಂದು, ಗಿರಿಜಾಕುಮಾರ ಮಾಥುರರ ಲೇಖನಿಯಿಂದ ಹಿಂದಿಯಾಗಿ, ಕನ್ನಡದಲ್ಲಿಯೂ ಅದೇ ಧಾಟಿಯಲ್ಲಿ ನಮ್ಮ ಶಾಲೆಗಳನ್ನು ಪ್ರವೇಶಿಸಿತು. ಶಾಲೆಯ ಮೂರು ಭಾಷೆಗಳಲ್ಲಿಯೂ ಒಂದೇ ಮಟ್ಟಿಗೆ ಹಾಡಬಹುದಾದ ಈ ಗೀತೆಯನ್ನು ಮೂವರು ಭಾಷಾಶಿಕ್ಷಕರೂ ಒಂದೇ ವಾರದಲ್ಲಿ ತೆಗೆದುಕೊಂಡರೆ, ಭವಿಷ್ಯತ್ಕಾಲವನ್ನು ಇಂಗ್ಲಿಷು ಬೇರೊಂದು ಸಹಾಯಕ ಪದದಿಂದಲೂ ಕನ್ನಡ, ಹಿಂದಿಗಳು ಕ್ರಿಯಾಪದದ ಅಂತ್ಯದಿಂದಲೂ ಸೂಚಿಸುವ ವ್ಯತ್ಯಾಸವನ್ನು ಮಕ್ಕಳು ಹಾಡುತ್ತಲೇ ಗ್ರಹಿಸಬಲ್ಲರು. ಕನ್ನಡ ಮಾಧ್ಯಮದ ಹಳ್ಳಿಯ ಮಗುವಿಗೆ ಇಂಗ್ಲಿಷಿನ ಪದಗಳ ಒತ್ತು, ಎರಡು ಪದಗಳು ಕೂಡಿ ಒಂದಾಗಿ ಕೇಳಿಸುವ ರೀತಿ, ಇವುಗಳನ್ನು ಪುಸ್ತಕವು ಕಲಿಸಲಾರದು, ಹಾಡು ಕಲಿಸಬಲ್ಲದು.

ಈ ಎಲ್ಲ ಅಭ್ಯಾಸಗಳಿಗೂ ಕಳಶಪ್ರಾಯವಾದದ್ದು, ತಿಳಿದ ಧಾಟಿಗೆ ಹೊಸ ಮಾತನ್ನು ಕಟ್ಟಿಸುವುದು. ನಮ್ಮ ಕಂಪನಿನಾಟಕದ ಕವಿಗಳು ಹಿಂದುಸ್ತಾನೀ ಮಟ್ಟುಗಳಿಗೆ ಕನ್ನಡದ ಪದಗಳನ್ನು ಹೊಂದಿಸಿದರು. ಮೊಹರಮ್ಮಿನ ಮೇಳದವರು ಪ್ರತಿವರ್ಷವೂ ಹಳೆಯ ಧಾಟಿಗೆ ಆ ವರ್ಷದ ಸುದ್ದಿಯನ್ನು ಪದಕಟ್ಟಿ ಹಾಡುವರು. 1990ರ ಭಾರತ ಜ್ಞಾನ ವಿಜ್ಞಾನ ಜಾಥಾ ಮತ್ತು ಅದರ ಬೆನ್ನಿಗೆ ಬಂದ ಸಾಕ್ಷರತಾ ಆಂದೋಲನದ ಕಲಾತಂಡಗಳು ಅಕ್ಷರ ಬಾರದವರ ಮುಂದೆ ಅಕ್ಷರದ ಹಿರಿಮೆಯನ್ನು ಹಾಡಿದ್ದೂ ಹೀಗೆಯೇ. ಬಿ. ಎಂ. ಶ್ರೀಕಂಠಯ್ಯನವರು 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಸಂಕಲನವನ್ನು ಕೊಟ್ಟು ನವೋದಯದ ಬಾಗಿಲನ್ನು ತೆರೆದದ್ದು, ಪರಭಾಷೆಯ ಭಾವಗೀತೆಯನ್ನು ಕನ್ನಡದ ಲಯಕ್ಕೆ ಕೂಡಿಸಿದ ಸಾಹಸದಿಂದ. ಒಂಬತ್ತನೆಯ ತರಗತಿಯ ಮಕ್ಕಳಿಗೆ ತಮಗೆ ಪ್ರಿಯವಾದ ಯಾವುದಾದರೂ ಹಾಡಿನ ಮಟ್ಟಿಗೆ ತುಂಗಭದ್ರೆಯ ಮೇಲೋ, ಕಿನ್ನಾಳದ ಮರದ ಗೊಂಬೆಯ ಮೇಲೋ, ಕೊಪ್ಪಳದ ಗವಿಮಠದ ಜಾತ್ರೆಯ ಮೇಲೋ ನಾಲ್ಕು ಸಾಲು ಬರೆಯಿರೆಂದರೆ, ಮಾತ್ರೆ ಹೊಂದದಾಗ ಸಮಾನಾರ್ಥಕ ಪದವನ್ನು ಹುಡುಕುವರು, ಪ್ರಾಸಕ್ಕಾಗಿ ನಿಘಂಟನ್ನು ತೆರೆಯುವರು, ಒಂದು ಪದವನ್ನು ಹತ್ತು ಸಲ ತೂಗಿ ನೋಡುವರು. ಪ್ರಬಂಧದ ವಿಷಯವನ್ನು ಕೊಟ್ಟಾಗ ಅವರು ಇಷ್ಟು ಶ್ರದ್ಧೆಯಿಂದ ಪದವನ್ನು ಹುಡುಕುವುದುಂಟೇ?

ಓದಿನ ಅಭ್ಯಾಸಕ್ಕೂ ಹಾಡು ನೆರವಾದ ನಿದರ್ಶನವು ನಮ್ಮ ದೇಶದಲ್ಲಿಯೇ ಇದೆ. ಅಹಮದಾಬಾದಿನ ಬ್ರಿಜ್ ಕೊಠಾರಿಯವರು 1996ರಲ್ಲಿ ಕಲ್ಪಿಸಿದ ಯೋಜನೆಯಂತೆ, ದೂರದರ್ಶನದ ಚಿತ್ರಗೀತೆಗಳ ಕೆಳಗೆ ಅದೇ ಭಾಷೆಯ ಅಕ್ಷರಗಳು ಹಾಡಿನ ಜೊತೆಜೊತೆಯಲ್ಲಿ ಬಣ್ಣ ಬದಲಿಸುತ್ತ ಮೂಡಿದುವು. ಗುಜರಾತಿಯಲ್ಲಿ ಪ್ರಯೋಗಗೊಂಡ ಇದು 2002ರಲ್ಲಿ ‘ಚಿತ್ರಹಾರ್’ ಮೂಲಕ ದೇಶವ್ಯಾಪಿಯಾಯಿತು. ಅರ್ಧಂಬರ್ಧ ಓದುವವರು ತಮಗರಿವಿಲ್ಲದೆಯೇ ಓದತೊಡಗುವರೆಂಬುದು ಅದರ ತತ್ತ್ವ. ಎಂಟನೆಯ ತರಗತಿಗೆ ಬಂದರೂ ತಡವರಿಸಿ ಓದುವ ಮಕ್ಕಳಿರುವ ನಮ್ಮ ಶಾಲೆಗಳಲ್ಲಿ, ಒಂದು ಮೊಬೈಲು, ಒಂದು ಸಣ್ಣ ಧ್ವನಿವರ್ಧಕ, ಒಂದು ಕರಿಹಲಗೆ ಇದ್ದರೆ ಇದನ್ನೇ ಮಾಡಬಹುದು.

ಆಕ್ಷೇಪಗಳಿಲ್ಲವೆಂದಲ್ಲ. ಮಕ್ಕಳು ಮೆಚ್ಚುವ ಹಾಡುಗಳಲ್ಲಿ ಅನೇಕವು ದ್ವಂದ್ವಾರ್ಥದವು, ಹೆಣ್ಣನ್ನು ಹೀಗಳೆಯುವಂಥವು, ಕುಡಿತವನ್ನು ಕೊಂಡಾಡುವಂಥವು. ಅವುಗಳನ್ನು ತರಗತಿಯೊಳಗೆ ಹಾಡಿಸಕೂಡದೆಂಬುದರಲ್ಲಿ ನನಗೆ ಲೇಶಮಾತ್ರವೂ ಸಂದೇಹವಿಲ್ಲ. ಹರೆಯದ ಹೆಣ್ಣುಮಕ್ಕಳು ಕುಳಿತಿರುವ ಕೊಠಡಿಯಲ್ಲಿ ಅವರನ್ನು ತಲೆತಗ್ಗಿಸುವಂತೆ ಮಾಡುವ ಒಂದು ಸಾಲೂ ಕೇಳಿಸಬಾರದು. ಆದರೆ ಆಯ್ಕೆಯನ್ನು ಪೂರ್ಣವಾಗಿ ಗುರುಗಳೇ ಕೈಗೆ ತೆಗೆದುಕೊಂಡು ತಮ್ಮ ಯೌವನಕಾಲದ ಗೀತೆಗಳನ್ನೇ ಹೇರಿದರೆ ಹಾಡು ಮತ್ತೊಂದು ಪದ್ಯಪಾಠವಾದೀತು. ಮಕ್ಕಳೇ ಹಾಡುಗಳನ್ನು ಸೂಚಿಸಲಿ, ಯಾವುದು ಯೋಗ್ಯ, ಯಾವುದು ಅಯೋಗ್ಯವೆಂಬುದನ್ನು ಕಾರಣಸಹಿತವಾಗಿ ಅವರೇ ಬರೆದು ಮಂಡಿಸಲಿ. ಕಡೆಯ ತೀರ್ಮಾನವು ಗುರುಗಳದಾಗಿರಲಿ. ಕೆಟ್ಟ ಹಾಡು ಏಕೆ ಕೆಟ್ಟದ್ದೆಂದು ತರ್ಕಬದ್ಧವಾಗಿ ನಾಲ್ಕು ವಾಕ್ಯ ಬರೆಯಬಲ್ಲ ವಿದ್ಯಾರ್ಥಿಯು ಭಾಷೆಯಲ್ಲಿಯೂ ವಿವೇಕದಲ್ಲಿಯೂ ಮುಂದುವರಿದವನು. ಕಂಠವೊಡೆಯುವ ವಯಸ್ಸಿನ ಹುಡುಗರನ್ನೂ ಸಂಕೋಚದ ಹುಡುಗಿಯರನ್ನೂ ಒಬ್ಬೊಬ್ಬರನ್ನಾಗಿ ನಿಲ್ಲಿಸಿ ಹಾಡಿಸುವ ಕ್ರೌರ್ಯವಂತೂ ಬೇಡವೇ ಬೇಡ.

ಪಾಠ ಮುಗಿಯುವುದಿಲ್ಲವೆಂಬುದು ಇನ್ನೊಂದು ಮಾತು. ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಪ್ರಥಮ ಭಾಷೆಗೆ ಮೀಸಲಾದ 125 ಅಂಕಗಳ ಒತ್ತಡವನ್ನು ನಾನು ಅಲ್ಲಗಳೆಯಲಾರೆ. ಆದರೆ ವ್ಯಾಕರಣ, ಛಂದಸ್ಸು, ಭಾವಾರ್ಥ, ಕಂಠಪಾಠ ಇವೆಲ್ಲವೂ ಆ ಪರೀಕ್ಷೆಯ ವಸ್ತುಗಳೇ ಆಗಿರುವುದರಿಂದ, ಹಾಡಿಗೆ ಕೊಟ್ಟ ಸಮಯವು ಪರೀಕ್ಷೆಯಿಂದ ಕದ್ದ ಸಮಯವಾಗಲಾರದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಿ ತಾಲ್ಲೂಕುಗಳ ಮುಖ್ಯೋಪಾಧ್ಯಾಯರಲ್ಲಿಯೂ ಭಾಷಾಶಿಕ್ಷಕರಲ್ಲಿಯೂ ನನ್ನ ವಿನಂತಿ ಇಷ್ಟೇ: ಬರುವ ಶಾಲಾವರ್ಷದ ವೇಳಾಪಟ್ಟಿಯಲ್ಲಿ ಎಂಟು ಮತ್ತು ಒಂಬತ್ತನೆಯ ತರಗತಿಗಳಿಗೆ ವಾರಕ್ಕೊಂದು ಅವಧಿಯನ್ನು ಹಾಡಿನ ಮೂಲಕ ಭಾಷೆಗೆಂದು ಬರೆದಿಡಿರಿ, ಊರಿನ ಭಜನಾಮಂಡಳಿಯವರನ್ನೂ ಸೋಬಾನೆ ಬಲ್ಲ ಅಜ್ಜಿಯರನ್ನೂ ಆ ಅವಧಿಗೆ ಆಹ್ವಾನಿಸಿರಿ, ಅವರು ಹಾಡಿದ್ದನ್ನು ಮಕ್ಕಳ ಕೈಯಲ್ಲಿಯೇ ಬರೆಯಿಸಿ ಶಾಲೆಯ ಗ್ರಂಥಾಲಯದಲ್ಲಿ ಇರಿಸಿರಿ.